ಸಭೆಯ ನಂತರವೇ ಉಪಾಹಾರ

ಸಭೆಗೆ ಬಂದವರಿಗೆ ಚಹಾ ಮೊದಲು ಕೊಡಬೇಕೋ, ಸಭೆ ಮುಗಿದ ಮೇಲೆ ಕೊಡಬೇಕೋ ಎಂಬುದು ಹಗುರವಾಗಿ ತೆಗೆದುಕೊಳ್ಳುವ ಪ್ರಶ್ನೆಯಲ್ಲ. ಊರುಗಳ ಭವಿಷ್ಯ ಅದರ ಮೇಲೆ ನಿಂತಿರುತ್ತದೆ. ಮಳೆ ಕೈಕೊಟ್ಟ ಎರಡನೇ ವರ್ಷದ ಡಿಸೆಂಬರಿನಲ್ಲಿ, ಬೀದರದ ಸರ್ಕಾರಿ ಕಚೇರಿಯೊಂದರ ಮೇಲಂತಸ್ತಿನ ಸಭಾಂಗಣದಲ್ಲಿ, ಒಂಬತ್ತು ಮಂದಿ ಅಧಿಕಾರಿಗಳು ಎರಡು ತಾಸು ಹತ್ತು ನಿಮಿಷ ಕೂತು ಈ ಪ್ರಶ್ನೆಯ ಎಲ್ಲ ಮಗ್ಗುಲುಗಳನ್ನೂ ಪರಿಶೀಲಿಸಿದರು. ಅವರಿಗೆ ಆ ಅವಧಿಯಲ್ಲಿ ಚಹಾ ಎರಡು ಸಲ ಬಂದಿತು. ಕೊನೆಗೆ ಸುತ್ತೋಲೆ ಹೊರಟಿತು: ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಗ್ರಾಮ ಯೋಜನೆಯ ಸಭೆಗಳಲ್ಲಿ, ಬಂದವರೆಲ್ಲರ ಸಹಿ ನಡಾವಳಿ ಪುಸ್ತಕದಲ್ಲಿ ಬೀಳುವವರೆಗೆ ಚಹಾ, ಉಪಾಹಾರ, ಊಟ ಯಾವುದನ್ನೂ ಯಾರಿಗೂ ಕೊಡತಕ್ಕದ್ದಲ್ಲ, ಯಾರೂ ಸ್ವೀಕರಿಸತಕ್ಕದ್ದಲ್ಲ. ‘ನೋಡಲ್ ಅಧಿಕಾರಿಗಳು ಸಹ’ ಎಂಬ ಮೂರು ಪದಗಳನ್ನು ಶಾಖೆಯ ಅಧೀಕ್ಷಕರಾದ ನಿಜಾಮೋದ್ದೀನ ಸಾಹೇಬರು ತಮ್ಮ ಕೈಯಾರೆ ಹಸಿರು ಶಾಯಿಯಲ್ಲಿ ಸೇರಿಸಿದರು. ಅವರು ಮೂವತ್ತೊಂದು ವರ್ಷ ಅಧಿಕಾರಿಗಳನ್ನು ನೋಡಿದ್ದರು.

ಈ ಸುತ್ತೋಲೆಗೆ ಮೂಲಕಾರಣನಾದವನು ಅದೇ ಶಾಖೆಯ ದ್ವಿತೀಯ ದರ್ಜೆ ಸಹಾಯಕ ಮಚ್ಛೇಂದ್ರ. ಔರಾದ ತಾಲ್ಲೂಕಿನ ಪಿಂಪಳವಾಡಿಗೆ ಅವನೇ ನೋಡಲ್ ಅಧಿಕಾರಿ. ನವೆಂಬರಿನಲ್ಲಿ ಅವನು ಅಲ್ಲಿ ಕರೆದ ಮೊದಲ ಗ್ರಾಮಸಭೆಗೆ ನಲವತ್ತೊಂದು ಮಂದಿ ಬಂದಿದ್ದರು. ಮಚ್ಛೇಂದ್ರ ಮರ್ಯಾದಸ್ಥ, ಬಂದವರಿಗೆ ಮೊದಲು ಚಹಾ ಕೊಡಿಸಿದ. ಕಪ್ಪು ಕೆಳಗಿಟ್ಟು ಹದಿನೇಳು ಮಂದಿ ಎದ್ದು ಹೋದರು. ಎರಡನೇ ಸಭೆಯಲ್ಲಿ ಅವನು ಚಹಾ ತಡೆದು ನೋಡಿದ. ಆಗ ಬಂದವರೇ ಇಪ್ಪತ್ತೆಂಟು ಮಂದಿ. ಇದರಲ್ಲಿ ಚಹಾದ ತಪ್ಪೇನೂ ಇರಲಿಲ್ಲ. ಊರಿನಲ್ಲಿ ಮಂದಿಯೇ ಇರಲಿಲ್ಲ. ಆರುನೂರಾ ನಲವತ್ತು ಮತದಾರರಲ್ಲಿ ಬಹುಪಾಲು ಹೈದರಾಬಾದಿನ ಎತ್ತರದ ಕಟ್ಟಡಗಳ ಮೇಲೆ ಇಟ್ಟಿಗೆ ಹೊರುತ್ತ, ಬಣ್ಣ ಬಳಿಯುತ್ತ, ಕಬ್ಬಿಣದ ಸರಳು ಬಗ್ಗಿಸುತ್ತ ಇದ್ದರು. ನಿಯಮದ ಪ್ರಕಾರ ಸಭೆಗೆ ನೂರಾ ಇಪ್ಪತ್ತೆಂಟು ಮಂದಿ ಒಂದೇ ಜಾಗದಲ್ಲಿ ಖುದ್ದು ಹಾಜರಿರಬೇಕು. ಊರು ಬಿಟ್ಟು ಹೋದವರನ್ನು ಮರಳಿ ತರುವ ಯೋಜನೆ ಅದು. ಹೋದವರು ಮರಳಿ ಬಂದು ಸಹಿ ಹಾಕಿದರೆ ಮಾತ್ರ ಶುರುವಾಗುವಂಥದ್ದು.

ಯೋಜನೆಯ ವೆಚ್ಚದ ಹಂಚಿಕೆ ಸರಳವಾಗಿತ್ತು. ಕೇಂದ್ರ ಅರವತ್ತು, ರಾಜ್ಯ ಮೂವತ್ತು, ಊರು ಹತ್ತು. ಊರಿನ ಹತ್ತನ್ನು ದುಡ್ಡಿನಲ್ಲಿಯೇ ಕೊಡಬೇಕೆಂದಿಲ್ಲ, ದುಡಿಮೆಯಲ್ಲಿಯೂ ಕೊಡಬಹುದು. ಆ ಪಾಲು ಒಪ್ಪಿಕೊಂಡು ಗ್ರಾಮಸಭೆ ಠರಾವು ಮಾಡಿದರೆ ಪಿಂಪಳವಾಡಿಯ ಹಳೇ ಕೆರೆಯ ಹೂಳು ಏಪ್ರಿಲಿನಲ್ಲಿ ಹೊರಬೀಳುತ್ತದೆ. ಅದೇ ಮಣ್ಣು ಹೊಲಗಳಿಗೆ ಹೋಗುತ್ತದೆ. ಎರಡು ತಿಂಗಳು ಊರಿನಲ್ಲೇ ಕೂಲಿ ಸಿಗುತ್ತದೆ. ಠರಾವು ಆಗದಿದ್ದರೆ ಹಣ ಭಾಲ್ಕಿ ತಾಲ್ಲೂಕಿನ ಹರಳವಾಡಿಗೆ ಹೋಗುತ್ತದೆ. ಪಟ್ಟಿಯಲ್ಲಿ ಅದು ಎರಡನೆಯದು. ಅಲ್ಲಿನ ನೋಡಲ್ ಅಧಿಕಾರಿ ಮಾಣಿಕ. ಮಚ್ಛೇಂದ್ರನ ಪಕ್ಕದ ಮೇಜಿನವನು, ಹತ್ತು ವರ್ಷ ಕಿರಿಯ, ಕಡತಗಳನ್ನು ಚೊಕ್ಕಟವಾಗಿ ಇಡುವವನು.

“ಮಚ್ಛೇಂದ್ರಣ್ಣಾ, ನಿಮ್ಮೂರಾಗ ಮಂದಿ ಇಲ್ಲ, ಕೆರ್‍ಯಾಗ ನೀರಿಲ್ಲ. ನೀವು ಯಾತಕ್ಕರ ಯೋಜನಾ ಮಾಡ್ತೀರಿ?” ಎಂದು ಮಾಣಿಕ ದಿನಕ್ಕೊಮ್ಮೆ ಕೇಳುತ್ತಿದ್ದ.

“ಎರಡೂ ಇದ್ದಿದ್ರ ಯೋಜನಾ ಯಾಕ ಬೇಕಿತ್ತಪಾ?” ಎಂದು ಮಚ್ಛೇಂದ್ರ ಹೇಳುತ್ತಿದ್ದ. ಒಳಗೆ ಮಾತ್ರ ಪುಕುಪುಕು.

ಪುಕುಪುಕಿಗೆ ಕಾರಣ ಕೆರೆಯಲ್ಲ, ಒಂದು ಮಾತು. ಹಿಂದಿನ ಬೇಸಿಗೆಯಲ್ಲಿ ಅವನು ಪಿಂಪಳವಾಡಿಗೆ ಮನೆಮನೆ ಸಮೀಕ್ಷೆಗೆ ಹೋಗಿದ್ದ. ‘ಕುಟುಂಬವು ಹವಾಮಾನ ವೈಪರೀತ್ಯವನ್ನು ಹೇಗೆ ನಿಭಾಯಿಸುತ್ತಿದೆ’ ಎಂಬ ಕಲಮಿನ ಎದುರು, ಬೀಗ ಹಾಕಿದ ಮನೆಗಳ ಮುಂದೆ ನಿಂತು, ‘ಬೀಗ’ ಎಂದು ಬರೆಯುತ್ತ ಹೊರಟಿದ್ದ. ಅರವತ್ತೆಂಟು ಬೀಗಗಳಾದ ಮೇಲೆ ತಲೆ ತಿರುಗಿ ಒಂದು ಕಟ್ಟೆಯ ಮೇಲೆ ಕುಸಿದಾಗ, ಪಂಚಾಯಿತಿ ಅಧ್ಯಕ್ಷೆ ಕೇಶರಬಾಯಿ ತಂಬಿಗೆಯಲ್ಲಿ ನೀರು ತಂದುಕೊಟ್ಟಿದ್ದಳು. ಟ್ಯಾಂಕರು ಎರಡು ದಿನಕ್ಕೊಮ್ಮೆ ಬರುವ ಊರಿನಲ್ಲಿ ತುಂಬಿದ ತಂಬಿಗೆ. ಅವನು ಕುಡಿದು ಮುಗಿಸುವವರೆಗೂ ಸುಮ್ಮನಿದ್ದು, ಆಮೇಲೆ ಕೇಳಿದ್ದಳು: “ಬರೇ ಬರಕೊಂಡ ಹೋಗ್ತೀರೋ ಸಾಹೇಬ್ರ, ಏನರ ತರ್ತೀರೋ?”

ಇಂಥ ಪ್ರಶ್ನೆಗೆ ಸರ್ಕಾರಿ ನೌಕರನು ಹೇಳಬೇಕಾದ ಉತ್ತರ ‘ನೋಡೋಣ’. ಹದಿನೆಂಟು ವರ್ಷದ ಸೇವೆಯಲ್ಲಿ ಮಚ್ಛೇಂದ್ರ ಅದನ್ನೇ ಹೇಳಿ ಬಂದಿದ್ದ. ಅವತ್ತು ಬಿಸಿಲೋ, ನೀರಿನ ತಂಪೋ, ಬಾಯಿಂದ ಬೇರೆಯೇ ಬಿತ್ತು.

“ತರ್ತೇನಿ, ಅಕ್ಕಾ.”

ಕೇಶರಬಾಯಿ ಆ ಮಾತನ್ನು ನಂಬಿದ್ದಳು. ನಂಬಿದ್ದಷ್ಟೇ ಅಲ್ಲ, ಹೈದರಾಬಾದಿಗೆ ಫೋನು ಹಚ್ಚಿ ಎಲ್ಲರಿಗೂ ಹೇಳಿದ್ದಳು. ಆಡಿದ ಒಂದು ಮಾತು ಇಷ್ಟು ದೂರ ಪ್ರಯಾಣ ಮಾಡಿದ್ದು ಮಚ್ಛೇಂದ್ರನ ಬದುಕಿನಲ್ಲಿ ಅದೇ ಮೊದಲು.

ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿನಿಂದ ವಿಡಿಯೋ ಸಭೆ ನಡೆಯಿತು. ಪರದೆಯ ಮೇಲಿನ ಅಧಿಕಾರಿ ಕೊನೆಯ ದಿನಾಂಕ ಓದಿದರು. ಉಳಿದ ಗ್ರಾಮಸಭೆಗಳೆಲ್ಲ ಬರುವ ಶನಿವಾರ ಒಂದೇ ದಿನ ನಡೆಯಬೇಕು. ಸೋಮವಾರ ಸಂಜೆ ಐದಕ್ಕೆ ಕಡತ ಜಿಲ್ಲೆಯಲ್ಲಿರಬೇಕು. ಈ ಕಡೆಯ ಕೋಣೆಯಲ್ಲಿ ಯಾರೋ ಕೆಮ್ಮಿದರು. ಇನ್ನೊಬ್ಬರು ಎದ್ದು, ಶನಿವಾರ ಎಳ್ಳಮಾಸಿ ಸರ್ ಎಂದರು. ಬೆಂಗಳೂರು ಕ್ಯಾಲೆಂಡರು ನೋಡಿತು. “ಕೆಂಪು ಬಣ್ಣ ಇಲ್ಲವಲ್ಲ?” ಎಂದಿತು. ಪರದೆ ಆರಿತು.

ಬೀದರ ಸೀಮೆಯಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಎಂದರೆ ಏನೆಂದು ಕ್ಯಾಲೆಂಡರಿಗೆ ಗೊತ್ತಿಲ್ಲ. ಅವತ್ತು ಊರಿಗೆ ಊರೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತದೆ. ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಕೂಡಿಸಿ ಕುದಿಸಿದ ಅರಿಶಿಣ ಬಣ್ಣದ ಭಜ್ಜಿ, ಸಜ್ಜಿ ರೊಟ್ಟಿ, ಹುಳಿ ಬಂದ ಅಂಬಲಿ. ಬಸುರಿ ಭೂಮಿತಾಯಿಗೆ ಸೀಮಂತದ ಎಡೆ ಇಟ್ಟು, ಹೊಲದ ತುಂಬ ಎಡೆಯ ತುತ್ತುಗಳನ್ನು ಚರಗವಾಗಿ ಚೆಲ್ಲಿ, ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕೈಹಿಡಿದು ಎಳೆದು ತಂದು ಉಣ್ಣಿಸುತ್ತಾರೆ. ಗುರುತಿದ್ದವರನ್ನು, ಗುರುತಿಲ್ಲದವರನ್ನು, ಸಾಲ ಕೇಳಲು ಬಂದವರನ್ನು ಕೂಡ. ಬೇಡ ಅಂದವನನ್ನು ಮುಂದಿನ ವರ್ಷದವರೆಗೂ ನೆನಪಿಡುತ್ತಾರೆ. ದೀಪಾವಳಿಗೆ ಬರದವರು, ಯುಗಾದಿಗೆ ಬರದವರು, ಹೈದರಾಬಾದಿನಿಂದ ಎಳ್ಳಮಾಸಿಗೆ ಮಾತ್ರ ಬಂದೇ ಬರುತ್ತಾರೆ.

ಇದು ಮಚ್ಛೇಂದ್ರನಿಗೆ ಮಿಂಚಿನಂತೆ ಹೊಳೆಯಿತು. ವರ್ಷದಲ್ಲಿ ಊರಿನ ಮಂದಿಯೆಲ್ಲ ಊರಲ್ಲಿರುವ ಒಂದೇ ದಿನವನ್ನು ಬೆಂಗಳೂರು ತಿಳಿಯದೆ ಆರಿಸಿಕೊಟ್ಟಿತ್ತು. ಅವನು ಹೊರಗೆ ಬಂದು ಕೇಶರಬಾಯಿಗೆ ಫೋನು ಹಚ್ಚಿದ.

“ಅಕ್ಕಾ, ಶನಿವಾರ ಮುಂಜಾನಿ ಹನ್ನೊಂದಕ್ಕ ಪಂಚಾಯಿತಿ ಆಫೀಸಿನಾಗ ಸಭಾ. ಎಲ್ಲಾರೂ ಊರಾಗೇ ಇರ್ತಾರಲ್ರಿ?”

ಆ ಕಡೆಯಿಂದ ನಗು ಕೇಳಿಸಿತು.

“ಸಾಹೇಬ್ರ, ಅವತ್ತ ಊರಾಗ ನಾಯಿ ಸೈತ ಇರಂಗಿಲ್ರಿ. ಭಜ್ಜಿ ವಾಸನಿ ಹಿಡದು ಅವೂ ಹೊಲಕ್ಕ ಹೋಗಿರ್ತಾವ. ನಿಮ್ಮ ಆಫೀಸಿಗೆ ಯಾರು ಬರ್ತಾರ?”

“ಒಂದ ತಾಸು, ಅಕ್ಕಾ. ಬರೇ ಒಂದ ತಾಸು.”

“ಬರ್ರಿ, ನೋಡೋಣ,” ಎಂದಳು ಕೇಶರಬಾಯಿ. ಹದಿನೆಂಟು ವರ್ಷ ಅದು ಮಚ್ಛೇಂದ್ರನ ಪದವಾಗಿತ್ತು.

ಶನಿವಾರ ಬೆಳಿಗ್ಗೆ ಹೆಂಡತಿ ಕಾಂತಾಬಾಯಿ ಬಾಗಿಲಿಗೆ ಅಡ್ಡ ನಿಂತಳು. ಜನವಾಡದಲ್ಲಿ ಅವಳ ತಮ್ಮನ ಹೊಲದಲ್ಲಿ ಊಟ. ಹೋಗದಿದ್ದರೆ ತವರಿನವರ ಮುಂದೆ ಮುಖ ತೋರಿಸುವುದು ಹೇಗೆ?

“ನಾವು ಬೌದ್ಧರು. ನಮಗ್ಯಾಕ ಎಳ್ಳಮಾಸಿ ಪೂಜಿ ಅಂತ ಹೇಳಿಬಿಡು,” ಎಂದ ಮಚ್ಛೇಂದ್ರ.

“ಪೂಜಿ ಇಲ್ಲ ಖರೇ, ಭಜ್ಜಿ ಅದಲ್ಲ! ನಮ್ಮಪ್ಪ ಇದ್ದಾಗಿಂದ ಭಜ್ಜಿಗಿ ಯಾರೂ ಧರ್ಮ ಕೇಳಿಲ್ಲ. ನೀವು ಸರ್ಕಾರದವರು ಹೊಸಾದ ತಗೀಬ್ಯಾಡ್ರಿ.”

ಮಚ್ಛೇಂದ್ರ ನಾಷ್ಟಾ ಕೂಡ ಮಾಡದೆ ಔರಾದ ಬಸ್ಸು ಹತ್ತಿದ. ಬಸ್ಸಿನ ತುಂಬ ಹೈದರಾಬಾದಿನಿಂದ ಬಂದವರು. ಅವರ ಕಾಲ ಬಳಿ ಕೈಚೀಲಗಳಲ್ಲಿ ಹಸಿ ಕಡಲೆ, ಅವರೆಕಾಯಿ, ಬಟಾಣಿ, ಮೆಂತೆಸೊಪ್ಪು. ಈ ವರ್ಷ ಹೊಲದಲ್ಲಿ ಏನೂ ಬೆಳೆದಿರಲಿಲ್ಲ. ಹೊಲದ ಬೆಳೆಯನ್ನು ಹೈದರಾಬಾದಿನ ಮಂಡಿಯಲ್ಲಿ ಕೊಂಡು, ಹೊಲಕ್ಕೇ ಎಡೆ ಇಡಲು ಒಯ್ಯುತ್ತಿದ್ದರು. ಅದರಲ್ಲಿ ಯಾರಿಗೂ ವಿಚಿತ್ರವೇನೂ ಕಾಣಿಸಿರಲಿಲ್ಲ. ಬಸುರಿಗೆ ವಾಂತಿಯೆಂದು ಸೀಮಂತ ತಪ್ಪಿಸುತ್ತಾರೆಯೇ?

ಪಂಚಾಯಿತಿ ಕಚೇರಿಗೆ ಬೀಗ. ಅಭಿವೃದ್ಧಿ ಅಧಿಕಾರಿ ತಮ್ಮ ಸ್ವಂತ ಹೊಲಕ್ಕೆ ಹೋಗಿದ್ದರು. ಕಟ್ಟೆಯ ಮೇಲೆ ಕೇಶರಬಾಯಿ, ಪಕ್ಕದಲ್ಲಿ ಬುಟ್ಟಿ, ಸೆರಗಿನ ತುದಿಯಲ್ಲಿ ಮನೆಯ ಬೀಗದ ಕೈ. ಹನ್ನೊಂದೂವರೆಯವರೆಗೆ ಕಾದರು. ಸಭೆಗೆ ಇಬ್ಬರೇ ಹಾಜರು, ಇಬ್ಬರೂ ಅದನ್ನು ಕರೆದವರು.

“ನಡೀರಿ, ಪುಸ್ತಕ ತಗೋರಿ. ಮಂದಿ ಬರದಿದ್ರ ನಾವು ಮಂದೀ ಕಡಿ ಹೋಗೋಣು, ಕೂಡಿದಲ್ಲೇ ಸಭಾ,” ಎಂದು ಬುಟ್ಟಿ ತಲೆಗೇರಿಸಿದಳು. ಮಚ್ಛೇಂದ್ರ ನಡಾವಳಿ ಪುಸ್ತಕ, ಸ್ಟಾಂಪ್ ಪ್ಯಾಡು ಹಿಡಿದು ಹಿಂದೆ ನಡೆದ.

ಮೊದಲು ಸಿಕ್ಕಿದ್ದು ಗುಂಡಮ್ಮನ ಹೊಲ. ಎಪ್ಪತ್ತು ದಾಟಿದ ಮುದುಕಿ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ದನಿ ಮಾತ್ರ ಮೂರು ಹೊಲದಾಚೆಗೆ ಕೇಳುವಂಥದ್ದು. ಜೋಳದ ದಂಟು ಸಿಗದೆ ಹಳೇ ಸೀರೆ ಕಟ್ಟಿ ಮಾಡಿದ ಗುಡಿಸಿಲಿನ ಮುಂದೆ ಕೂತಿದ್ದಳು. ಇಬ್ಬರು ಮಕ್ಕಳು, ಸೊಸೆಯಂದಿರು, ಎಲ್ಲ ನಿನ್ನೆ ರಾತ್ರಿಯ ಗಾಡಿಗೆ ಬಂದವರು.

“ಬಾರಪ್ಪಾ ಬಾ! ಕುಂದರು. ಏ, ಸಾಹೇಬ್ರಿಗಿ ರೊಟ್ಟಿ ಹಾಕ್ರಿ.”

ಮಚ್ಛೇಂದ್ರ ರೊಟ್ಟಿಗೆ ಕೈ ಚಾಚಲು ಹೊರಟ. ಹಿಂದೆಯೇ ಹಸಿರು ಶಾಯಿಯ ಮೂರು ಪದಗಳು ಕಣ್ಣ ಮುಂದೆ ಬಂದವು. ಚಹಾ ಮೊದಲು ಕೊಟ್ಟು ಒಂದು ಸಭೆ ಕೆಡಿಸಿದವನು ಅವನೇ. ಅವನಿಂದಲೇ ಹುಟ್ಟಿದ ಆದೇಶವನ್ನು ಅವನೇ ಮುರಿದನೆಂದು ತಿಳಿದರೆ ಮಾಣಿಕ ಸುಮ್ಮನಿರುವನೇ?

“ಅಜ್ಜೀ, ಊರ ಮಂದಿ ಕೂಡಿ ಎಲ್ಲಾರದೂ ಸಹಿ ಆಗೂತನಕ ನಾ ಏನೂ ತಿನ್ನೂಹಂಗಿಲ್ಲ. ಸರ್ಕಾರದ ಆದೇಶ ಅದ.”

ಗುಂಡಮ್ಮನ ಮುಖ ಬದಲಾಯಿತು.

“ಎಳ್ಳಮಾಸಿ ದಿನ ನನ್ನ ಹೊಲಕ್ಕ ಬಂದು ಊಟ ಬ್ಯಾಡಂತೀ?”

“ಬ್ಯಾಡಲ್ಲ ಅಜ್ಜೀ, ಆಮ್ಯಾಲ...”

“ನನ್ನ ರೊಟ್ಟಿ ಬ್ಯಾಡಂದವನ ಪುಸ್ತಕಕ್ಕ ನನ್ನ ಹೆಬ್ಬಟ್ಟು ಯಾಕ? ನಡಿ ಅತ್ಲಾಗ!”

ಎರಡನೇ ಹೊಲದಲ್ಲಿ ಇದನ್ನೇ ಮೆತ್ತಗೆ ಹೇಳಿದರು. ಮೂರನೆಯದರಲ್ಲಿ ಹೇಳಲೂ ಇಲ್ಲ, ಬೆನ್ನು ತಿರುಗಿಸಿದರು. ಗುಂಡಮ್ಮನ ದನಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಹನ್ನೆರಡೂವರೆಗೆ ಪುಸ್ತಕ ತೊಳೆದ ಪಾತ್ರೆಯಷ್ಟು ಖಾಲಿ. ಮಚ್ಛೇಂದ್ರ ಹಾಳು ಕೆರೆಯ ಅಂಗಳಕ್ಕೆ ಇಳಿದು, ನಡುವೆ ಒಂದು ಜಾಲಿ ಮರದ ಕೆಳಗೆ ಕಲ್ಲಿನ ಮೇಲೆ ಕೂತುಬಿಟ್ಟ. ಸುತ್ತ ಬಿರಿದ ಕೆಸರು ಹಂಚಿನ ಹಾಗೆ ಮಡಿಚಿಕೊಂಡಿತ್ತು. ನಾಲ್ಕೂ ದಿಕ್ಕಿನ ಹೊಲಗಳಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಆಗಲೇ ಮಾಣಿಕನ ಫೋನು.

“ಅಣ್ಣಾ, ನಿಮ್ಮದೆಷ್ಟಾಯ್ತು? ನಮ್ಮದು ಹನ್ನೊಂದಕ್ಕ ಶುರು, ಹನ್ನೆರಡಕ್ಕ ಖಲಾಸ್. ನೂರಾ ಮೂವತ್ತ ಸಹಿ!”

ಹಿಂದುಗಡೆ ಯಾರೋ “ಅಳಿಯಂದ್ರ, ಇನ್ನೊಂದ ರೊಟ್ಟಿ” ಎನ್ನುವುದು ಕೇಳಿಸಿತು. ಮಚ್ಛೇಂದ್ರನಿಗೆ ಅದರತ್ತ ಲಕ್ಷ್ಯ ಹೋಗಲಿಲ್ಲ. ಫೋನು ಕೆಳಗಿಟ್ಟು, “ಅಕ್ಕಾ, ನಾ ಆಡಿದ ಮಾತು ಹೋಯ್ತ್ರಿ,” ಎಂದ.

ಕೇಶರಬಾಯಿ ಅವನನ್ನು ಒಂದು ಗಳಿಗೆ ನೋಡಿದಳು. ಮರದ ಕೆಳಗೆ, ಕಲ್ಲಿನ ಮೇಲೆ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಒಣಗಿದ ತುಟಿಯ ಮನುಷ್ಯ. ಅವಳು ಫೋನು ತೆಗೆದು ಅವನ ಚಿತ್ರ ಹಿಡಿದಳು.

“ಇದ್ಯಾಕ್ರಿ?”

“ನೀವು ಹಾಂಗೇ ಕೂಡ್ರಿ. ಜರಾ ಇನ್ನೂ ಸಪ್ಪಗ ಕೂಡ್ರಿ.”

ಊರಿನ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಮಂದಿ. ಚಿತ್ರದ ಕೆಳಗೆ ಕೇಶರಬಾಯಿ ತನ್ನ ದನಿಯಲ್ಲೇ ಸುದ್ದಿ ಕಳಿಸಿದಳು: “ಬೀದರದಿಂದ ಬಂದ ಸಾಹೇಬ್ರು ಎಳ್ಳಮಾಸಿ ದಿನ ನಮ್ಮ ಕೆರಿ ಅಂಗಳದಾಗ ಉಪವಾಸ ಕೂತಾರ. ಮುಂಜಾನಿಂದ ಹನಿ ನೀರು ಕುಡದಿಲ್ಲ. ಊರ ಮಂದಿ ಇಲ್ಲಿ ಕೂಡಿ ಸಹಿ ಮಾಡೂತನಕ ಉಣ್ಣಂಗಿಲ್ಲಂತ. ನಮ್ಮ ಸೀಮ್ಯಾಗ ಇವತ್ತ ಒಬ್ಬರು ಹಸಗೊಂಡ ಹೋದ್ರ ನಾಳಿ ಸುತ್ತಿನ ಹಳ್ಳಿಗಿ ಏನಂತ ಮಾರಿ ತೋರಸ್ತೀರಿ, ನೋಡ್ರಿ.”

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕೆರೆಯ ಏರಿಯ ಮೇಲೆ ಒಂದು ಬುಟ್ಟಿ ಕಾಣಿಸಿತು. ಅದರ ಹಿಂದೆ ಮೂರು. ಪಡುವಣದಿಂದ ಒಂದು ಮೋಟಾರ್ ಸೈಕಲ್ಲು, ಅದರ ಮೇಲೆ ನಾಲ್ಕು ಮಂದಿ, ನಡುವಿನೊಬ್ಬನ ತೊಡೆಯ ಮೇಲೆ ಅಂಬಲಿಯ ಗಡಿಗೆ. ಅರ್ಧ ತಾಸಿನೊಳಗೆ ಕೆರೆ ಅಂಗಳದಲ್ಲಿ ಕಂಬಳಿಗಳು ಹರಡಿದವು. ಕೆರೆ ಎರಡು ವರ್ಷದಲ್ಲಿ ಮೊದಲ ಸಲ ತುಂಬಿತು.

ಎಲ್ಲರದೂ ಒಂದೇ ಬೇಡಿಕೆ. ನಮ್ಮ ಬುಟ್ಟಿಯದು ಮೊದಲು ತಿನ್ನಬೇಕು.

“ನಮ್ಮದು ಬಿಸಿ ಅದರಿ, ಸಾಹೇಬ್ರ!”

“ಅವರ ಭಜ್ಜ್ಯಾಗ ಬಟಾಣಿ ಬಿಟ್ರ ಏನೂ ಇಲ್ಲ, ನಮ್ಮದರಾಗ ಹದಿನಾಲ್ಕ ನಮೂನಿ ಕಾಳವ!”

ಮಚ್ಛೇಂದ್ರ ಎರಡೂ ಕೈ ಎತ್ತಿ ನಿಂತ. ಸುತ್ತೋಲೆಯನ್ನು ಗಟ್ಟಿಯಾಗಿ ಓದಿದ. ಸರ್ಕಾರದ ಸುತ್ತೋಲೆಯನ್ನು ಪಿಂಪಳವಾಡಿ ಇಷ್ಟು ಶ್ರದ್ಧೆಯಿಂದ ಹಿಂದೆಂದೂ ಕೇಳಿರಲಿಲ್ಲ. ಊಟಕ್ಕೂ ಅವರಿಗೂ ನಡುವೆ ನಿಂತಿರುವುದು ಒಂದು ಸಭೆ ಎಂಬುದು ಎಲ್ಲರಿಗೂ ಅರ್ಥವಾಯಿತು. ಕೂತರು. ಕೇಶರಬಾಯಿ ಅಧ್ಯಕ್ಷತೆ ವಹಿಸಿದಳು, ಬುಟ್ಟಿ ಖಾಲಿ ಮಾಡಿ ಬೋರಲು ಹಾಕಿ, ಅದರ ಮೇಲೆ ಕೂತು.

ಠರಾವು ಓದಿ, “ಊರಿನ ಪಾಲು ಹತ್ತು, ಮನಿಗೊಬ್ಬರಂತ ಏಪ್ರಿಲಿನಾಗ ಎಂಟ ದಿನ ಕೂಲಿ ಇಲ್ಲದ ದುಡಿಮಿ. ಮುಂದಿಂದೆಲ್ಲಾ ಕೂಲಿ ಕೊಟ್ಟು,” ಎಂದ ಮಚ್ಛೇಂದ್ರ.

ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಚಾಂದ ಪಾಶಾ. ಮೂವತ್ತರ ಆಳು, ಹೈದರಾಬಾದಿನಲ್ಲಿ ಎತ್ತರದ ಮನೆಗಳಿಗೆ ಎ.ಸಿ. ಕೂಡಿಸುವ ಕೆಲಸ. ಅವನ ಮಾತಿಗೆ ಊರಲ್ಲಿ ತೂಕವಿತ್ತು, ಹಗ್ಗಕ್ಕೆ ಜೋತುಬಿದ್ದು ದುಡಿಯುವವನು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ.

“ಸಾಬ್, ಒಂದ ಮಾತು ಕೇಳ್ತೇನಿ, ಗುಸ್ಸಾ ಆಗಬ್ಯಾಡ್ರಿ. ನಾ ಹದಿನಾಲ್ಕನೇ ಮಾಳಗಿ ಮ್ಯಾಲ ಹಗ್ಗ ಕಟ್ಟಕೊಂಡು ಎ.ಸಿ. ಡಬ್ಬಿ ಹಚ್ತೇನಿ. ಒಳಗ ಥಂಡಿ ಹೋಗ್ತದ, ಹೊರಗ ಝಳಾ ಬರ್ತದ. ಆ ಝಳಾ ನನ್ನ ಮಾರಿಗಿ ಬಡೀತದ. ಒಂದ ಬಿಲ್ಡಿಂಗಿಗಿ ಎರಡನೂರ ಡಬ್ಬಿ. ಮೂರ ವರ್ಷದಾಗ ಎಷ್ಟ ಬಿಲ್ಡಿಂಗ ಆದ್ವು ಲೆಕ್ಕ ಇಲ್ಲ. ಹವಾ ಕೆಡಸಿದವರು ಒಳಗ ಚಾದರ ಹೊಚ್ಚಕೊಂಡ ಮಲಗ್ಯಾರ. ಹತ್ತ ಪಾಲು ಕೊಡು ಅಂತ ನಮಗ ಕೇಳ್ತೀರಿ. ಅವರ ಪಾಲು ಎಲ್ಲದ? ಕಾಗದದಾಗ ಅದಾ?”

ಅಂಬಲಿಯ ಗಡಿಗೆ ಕಾಯುತ್ತಿದ್ದವರೂ ಇತ್ತ ತಿರುಗಿದರು. ಕೇಂದ್ರ ಅರವತ್ತು, ರಾಜ್ಯ ಮೂವತ್ತು, ಊರು ಹತ್ತು. ಮಚ್ಛೇಂದ್ರ ಮನಸ್ಸಿನಲ್ಲೇ ಕೂಡಿಸಿ ನೋಡಿದ. ನೂರು ಸರಿಹೋಗಿತ್ತು. ಆ ನೂರರಲ್ಲಿ ಚಾಂದ ಪಾಶಾ ಹೇಳಿದವರು ಇರಲಿಲ್ಲ. ಎಂಟು ತಿಂಗಳು ಆ ಅಂಕಿಗಳ ಜೊತೆ ಮಲಗಿ ಎದ್ದವನಿಗೆ ಇದು ಹೊಳೆದಿರಲಿಲ್ಲ.

“ಇಲ್ಲ,” ಎಂದ. “ಕಾಗದದಾಗ ಇಲ್ಲ.”

“ಮತ್ತ?”

“ಮತ್ತ ನನಗೂ ಗೊತ್ತಿಲ್ಲ, ಪಾಶಾ. ನೀ ಕೇಳಿದ್ದು ಬರೋಬ್ಬರಿ ಅದ. ಅದಕ್ಕ ಜವಾಬು ಕೊಡೋ ದರ್ಜಾ ನನ್ನದಲ್ಲ.”

ಅಧಿಕಾರಿಯೊಬ್ಬ ಗೊತ್ತಿಲ್ಲ ಎಂದದ್ದು ಕೇಳಿ ಚಾಂದ ಪಾಶಾನಿಗೇ ಗಲಿಬಿಲಿಯಾಯಿತು. ವಾದಕ್ಕೆ ಸಿದ್ಧನಾಗಿ ಬಂದವನಿಗೆ ಎದುರಾಳಿ ಇಲ್ಲದಂತಾಯಿತು. ಕೇಶರಬಾಯಿ ಬುಟ್ಟಿಯ ಮೇಲಿಂದ ಎದ್ದಳು.

“ಪಾಶಾ, ಅವರ ಪಾಲು ಬರೂತನಕ ನಾವು ಟ್ಯಾಂಕರ್ ದಾರಿ ಕಾಯೋಣೇನು? ಕೆರಿ ಯಾರದು?”

“ನಮ್ಮದ.”

“ಹೂಳು ಯಾರದು?”

“ಅದೂ ನಮ್ಮದ.”

“ಹಂಗಾದ್ರ ತಗಿಯೋಣು. ನೀ ಹೇಳಿದ್ದೂ ಬರಸೋಣು. ಸಾಹೇಬ್ರ, ಇವನ ಮಾತು ಬರೀರಿ ಪುಸ್ತಕದಾಗ.”

ನಮೂನೆಯಲ್ಲಿ ಅಂಥ ಕಲಮು ಇರಲಿಲ್ಲ. ಮಚ್ಛೇಂದ್ರ ಪುಟದ ಕೊನೆಯ ‘ಷರಾ’ ಎಂಬ ಅಂಕಣದಲ್ಲಿ, ಹದಿನೆಂಟು ವರ್ಷ ‘ಇಲ್ಲ’ ಎಂದಷ್ಟೇ ಬರೆದಿದ್ದ ಜಾಗದಲ್ಲಿ, ಬರೆದ: ‘ಹವಾಮಾನ ಕೆಡಿಸಿದವರು ಈ ಊರಿನವರಲ್ಲ. ಕೆರೆ ಈ ಊರಿನದಾದ್ದರಿಂದ ಈ ಊರು ತನ್ನ ಪಾಲಿನ ದುಡಿಮೆ ಕೊಡುತ್ತದೆ. ಕೆಡಿಸಿದವರ ಪಾಲು ಇನ್ನೂ ಬರಬೇಕಾಗಿದೆ ಎಂಬುದನ್ನು ಸರ್ಕಾರ ಗಮನದಲ್ಲಿಡಬೇಕು.’ ಓದಿ ಹೇಳಿದ. ಚಾಂದ ಪಾಶಾ ಇನ್ನೊಮ್ಮೆ ಓದಿಸಿದ. ಆಮೇಲೆ ಮೊದಲ ಸಹಿ ಅವನೇ ಹಾಕಿದ.

ಸಹಿಗಳು ಸರಸರ ಬಿದ್ದವು. ಹೆಬ್ಬೆಟ್ಟಿನವರ ಸರದಿ ಬಂದಾಗ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದರೆ, ಅದೂ ಕೆರೆಯಂತೆಯೇ ಒಣಗಿ ಬಿರಿದಿತ್ತು. ನೀರು ಹಾಕಿ ಉಜ್ಜಿದರು. ಬಣ್ಣ ಬರಲಿಲ್ಲ. ಸಾಲಿನ ಮುಂದೆ ಗುಂಡಮ್ಮ. ಎಡಗೈಯಲ್ಲಿ ರೊಟ್ಟಿಯ ಸುರುಳಿ, ಒಳಗೆ ಭಜ್ಜಿ. ಬೆಳಗಿನ ಜಗಳ ಮರೆತಿರಲಿಲ್ಲ, ಆದರೆ ಸಾಹೇಬನನ್ನು ಮೊದಲು ಉಣ್ಣಿಸುವ ಹಕ್ಕು ತನ್ನದೆಂದು ಬಂದಿದ್ದಳು.

“ಇದಕ್ಕೇನ ಅಷ್ಟ ಒದ್ದಾಡ್ತೀರಿ?” ಎಂದವಳೇ, ಮುಂಜಾನೆಯಿಂದ ಬಡಿಸಿ ಬಡಿಸಿ ಹಳದಿಯಾದ ಬಲಗೈ ಹೆಬ್ಬೆಟ್ಟನ್ನು ಭಜ್ಜಿಯಲ್ಲಿ ಇನ್ನೊಮ್ಮೆ ಅದ್ದಿ, ಪುಸ್ತಕದ ಮೇಲೆ ಒತ್ತಿದಳು.

ಮಚ್ಛೇಂದ್ರ ಬೇಡ ಎನ್ನುವುದರೊಳಗೆ ಆಗಿಹೋಗಿತ್ತು. ಮುದ್ರೆ ಚೆನ್ನಾಗಿಯೇ ಮೂಡಿತ್ತು, ಗೆರೆ ಗೆರೆಯಾಗಿ. ಅವಳ ಹಿಂದಿನವರಿಗೆ ದಾರಿ ಸಿಕ್ಕಿತು. ಮೂವತ್ತೇಳು ಹೆಬ್ಬೆಟ್ಟುಗಳು ಭಜ್ಜಿಯಲ್ಲಿ ಬಿದ್ದವು. ಅಷ್ಟು ಹೊತ್ತೂ ಗುಂಡಮ್ಮ ಸುರುಳಿ ಹಿಡಿದು ಅವನ ಕಿವಿಯ ಬಳಿಯೇ ನಿಂತಿದ್ದಳು, ಎಣಿಕೆ ಮುಗಿಯುವುದನ್ನು ಕಾಯುತ್ತ.

“ಎರಡು ನೂರಾ ಹದಿಮೂರು,” ಎಂದ ಮಚ್ಛೇಂದ್ರ.

ಬಾಯಿ ಮುಚ್ಚುವುದರೊಳಗೆ ಗುಂಡಮ್ಮ ರೊಟ್ಟಿ ತುರುಕಿದಳು.

ಆ ಸಂಜೆ ಅವನು ಎಷ್ಟು ಬುಟ್ಟಿಗಳಿಂದ ಉಂಡನೆಂಬುದಕ್ಕೆ ನಡಾವಳಿ ಇಲ್ಲ. ಭಾನುವಾರ ಪೂರ್ತಿ ಹಾಸಿಗೆಯಲ್ಲಿ ಬಿದ್ದುಕೊಂಡು ಓಮಕಾಳಿನ ನೀರು ಕುಡಿದ. “ನನ್ನ ತಮ್ಮನ ಹೊಲದಾಗ ಎರಡ ರೊಟ್ಟಿ ಭಾರ ಆಗ್ತಿದ್ದ್ವು, ಅಲ್ರಿ?” ಎಂದು ಕಾಂತಾಬಾಯಿ ಪ್ರತಿ ಲೋಟದ ಜೊತೆಗೂ ಕೇಳಿದಳು.

ಸೋಮವಾರ ಬೆಳಿಗ್ಗೆ ಎರಡು ಕಡತಗಳು ನಿಜಾಮೋದ್ದೀನ ಸಾಹೇಬರ ಮೇಜಿನ ಮೇಲಿದ್ದವು. ಮಾಣಿಕನದು ಹೊಸ ಹೊದಿಕೆ, ಕೆಂಪು ದಾರ, ನೂರಾ ಮೂವತ್ತು ನೀಲಿ ಸಹಿಗಳು ಇಸ್ತ್ರಿ ಮಾಡಿದಂತೆ. ಮಚ್ಛೇಂದ್ರನದು ಎಣ್ಣೆ ಇಳಿದು ಪಾರದರ್ಶಕವಾಗಿತ್ತು. ಪುಟಗಳು ಒಂದಕ್ಕೊಂದು ಅಂಟಿದ್ದವು. ಒಂದು ಕಡೆ ಅವರೆಕಾಳೊಂದು ಚಪ್ಪಟೆಯಾಗಿ ಒಣಗಿ ಕೂತಿತ್ತು.

“ಇದೇನು ಮಿಯಾ, ದಫ್ತರ್ ತಂದಿಯೋ, ಊಟಕ್ಕ ಹಾಸೋ ದಸ್ತರಖಾನ್ ತಂದಿಯೋ?”

ಮಾಣಿಕ ಕೆಮ್ಮಿದ. “ಸರ, ಹೆಬ್ಬಟ್ಟು ಶಾಯಿಯಾಗೇ ಇರಬೇಕಂತ ಅದರಿ. ಮೂವತ್ತೇಳು ಹಳದಿ ಅವ. ಒಂದೊಂದೂ ಬಾದ್ ಮಾಡಬೇಕಾಗ್ತದ.”

“ಬಾದ್ ಮಾಡಿದ್ರೂ ನೂರಾ ಎಪ್ಪತ್ತಾರು ಉಳೀತಾವ್ರಿ,” ಎಂದ ಮಚ್ಛೇಂದ್ರ.

“ಪುಸ್ತಕಾನ ಹೊಲಸಾಗ್ಯಾದ, ಸರ. ಒಂದ ಪುಟ ಕೆಟ್ರ ಪೂರಾ ನಡಾವಳೀನ ಸಂಶಯ ಅಲ್ರಿ?”

ಇದು ಕಾಯಿದೆಯ ಮೇಲೆ ಆಡಿದ ಮಾತು. ಸಾಹೇಬರು ಖಾನೆಯಿಂದ ಭೂತಗನ್ನಡಿ ತೆಗೆದರು. ನಿಜಾಮರ ಕಾಲದ ಉರ್ದು ದಾಖಲೆ ಓದಲು ಇಟ್ಟುಕೊಂಡಿದ್ದು. ಗುಂಡಮ್ಮನ ಹೆಬ್ಬೆಟ್ಟಿನ ಮೇಲೆ ಹಿಡಿದು ಬಹಳ ಹೊತ್ತು ನೋಡಿದರು. ಬಳಿಕ ಪುಟವನ್ನು ಮೂಗಿನ ಬಳಿ ತಂದರು.

“ಗೆರಿ ಸಾಫ್ ಕಾಣ್ತಾವ. ಮೆಂತೆ ಜರಾ ಜಾಸ್ತಿ ಆಗ್ಯಾದ.” ಪುಟ ತಿರುವಿ ಷರಾ ಓದಿದರು. ಎರಡು ಸಲ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮಾಣಿಕನ ಕಡತ ಎಳೆದುಕೊಂಡರು.

“ನಿನ್ನ ಸಭಾ ಎಲ್ಲಾಯ್ತು?”

“ಪಂಚಾಯಿತಿ ಆಫೀಸಿನಾಗ್ರಿ, ಸರ. ಮುಂಜಾನಿ ಹನ್ನೊಂದಕ್ಕ.”

“ಶನಿವಾರ?”

“ಹೌದ್ರಿ.”

“ಎಳ್ಳಮಾಸಿ ದಿನ, ಮುಂಜಾನಿ ಹನ್ನೊಂದಕ್ಕ, ಆಫೀಸಿನ ಒಳಗ, ನೂರಾ ಮೂವತ್ತ ಮಂದಿ,” ಎಂದು ಸಾಹೇಬರು ಒಂದೊಂದೇ ಪದ ಇಳಿಸಿದರು. “ಒಬ್ಬನ ಕೈಯೂ ಹಳದಿ ಇಲ್ಲ. ಯಾವ ಜಿಲ್ಲಾದಾಗಪಾ ಇದು?”

ಮಾಣಿಕ ಛಾವಣಿಯ ಫ್ಯಾನು ನೋಡಿದ. ಅದು ತಿರುಗುತ್ತಿರಲಿಲ್ಲ.

“ನೀ ಎಲ್ಲಿದ್ದಿ ಹನ್ನೊಂದಕ್ಕ?”

“ಮಾವನ ಹೊಲದಾಗ್ರಿ, ಸರ. ಕಮಠಾಣದಾಗ,” ಎಂದ ಮಾಣಿಕ. ಬೀದರದವನು ಎಷ್ಟೇ ಚೊಕ್ಕಟವಾಗಿ ಕಡತ ಕಟ್ಟಲಿ, ಎಳ್ಳಮಾಸಿಯ ಊಟದ ವಿಷಯದಲ್ಲಿ ಸುಳ್ಳು ಹೇಳಲಾರ. “ನಡಾವಳಿ ಎರಡ ದಿನ ಮೊದಲೇ ಬರದಿಟ್ಟಿದ್ದೆ. ಅವತ್ತ ಯಾರೂ ಬರಂಗಿಲ್ಲಂತ ಗೊತ್ತಿತ್ತಲ್ರಿ.”

ಸಾಹೇಬರು ಹಸಿರು ಪೆನ್ನಿನ ಟೊಪ್ಪಿಗೆ ತೆಗೆದರು. ಹರಳವಾಡಿಯ ಕಡತದ ಮೇಲೆ ‘ನೈಜ ಗ್ರಾಮಸಭೆ ನಡೆಸಿ ಮರುಸಲ್ಲಿಸುವುದು, ಅಲ್ಲಿಯ ಮಂದಿಗೂ ನೀರು ಬೇಕು’ ಎಂದು ಬರೆದರು. ಪಿಂಪಳವಾಡಿಯ ಕಡತದ ಮೇಲೆ ‘ಹೆಬ್ಬೆಟ್ಟಿನ ಬಣ್ಣದಲ್ಲಿ ದೋಷವಿದೆ, ಹಾಜರಾತಿಯಲ್ಲಿ ಸಂಶಯವಿಲ್ಲ. ಸುತ್ತೋಲೆಯನ್ನು ಅಕ್ಷರಶಃ ಪಾಲಿಸಲಾಗಿದೆ. ಷರಾ ಸಮೇತ ಮಂಜೂರಿಗೆ ಶಿಫಾರಸು’ ಎಂದು ಬರೆದರು. ಅವರೆಕಾಳನ್ನು ಉಗುರಿನಿಂದ ತೆಗೆಯಲು ನೋಡಿ, ಬರದಿದ್ದಾಗ ಬಿಟ್ಟರು.

ಮಚ್ಛೇಂದ್ರ ಹೊರಗೆ ಬಂದು ಕೇಶರಬಾಯಿಗೆ ಫೋನು ಹಚ್ಚಿದ.

“ಅಕ್ಕಾ, ತರ್ತೇನಿ ಅಂದಿದ್ದೆ. ತಂದೆ.”

“ಏನ್ರಿ, ಹೊಟ್ಟಿ ಬ್ಯಾನಿ ತಂದ್ರ್ಯಾ?”

“ಅದೂ ತಂದೆ. ಕೆರೀನೂ ತಂದೆ.”

ಹರಳವಾಡಿಯ ಸಭೆ ಫೆಬ್ರುವರಿಯಲ್ಲಿ ನಡೆಯಿತು. ಅದರ ಕೆರೆಗೆ ಮರುವರ್ಷ ಹಣ ಬಂತು. ಷರಾಕ್ಕೆ ಬೆಂಗಳೂರಿನಿಂದ ‘ಗಮನಿಸಲಾಗಿದೆ’ ಎಂಬ ಒಂದು ಪದದ ಉತ್ತರ ಬಂತು. ಪಿಂಪಳವಾಡಿಯಲ್ಲಿ ಏಪ್ರಿಲ್ ಎಂಟರಂದು ಕೆಲಸ ಶುರುವಾಗಿ ಜೂನ್ ಮೂರಕ್ಕೆ ಮುಗಿಯಿತು. ನಲವತ್ತಾರು ಮನೆಗಳ ಬೀಗಗಳು ತೆರೆದವು. ಸೆಪ್ಟೆಂಬರಿನಲ್ಲಿ ಕೆರೆ ಮುಕ್ಕಾಲು ಪಾಲು ತುಂಬಿತು.